ಮುಂದಿನದೋ, ಹಿಂದಿನದೋ

ನಮ್ಮೂರಲ್ಲಿ ಹಿಮ ಬೀಳುವ ನಾಲ್ಕು ತಿಂಗಳು ದಾರಿಯಲ್ಲಿ ಯಾರೂ ಕತ್ತು ತಿರುಗಿಸಿ ಹಿಂದಕ್ಕೆ ನೋಡುವುದಿಲ್ಲ. ನೋಡಿದರೆ, ನೋಡಿದವನು ಬಂದ ದಾರಿ ಅಷ್ಟೂ ಹಿಮದಿಂದ ತುಂಬಿಕೊಳ್ಳುತ್ತದೆ. ಹೆಜ್ಜೆ ಎತ್ತಿಟ್ಟು ಮೈ ಸಮೇತ ತಿರುಗಿದರೆ ಏನೂ ಇಲ್ಲ. ಹೆಗಲ ಮೇಲಿಂದ ಕತ್ತು ಹೊರಳಬಾರದು, ಅಷ್ಟೇ. ನಾಯಿ, ಎತ್ತು, ಕೋಳಿ ಎಷ್ಟು ಬೇಕಾದರೂ ಹೊರಳಲಿ, ಹಿಮಕ್ಕೆ ಅದರ ಗೊಡವೆ ಇಲ್ಲ. ನಾನು ಹುಟ್ಟುವ ಮೊದಲು ಒಬ್ಬ ಮಾಸ್ತರರು ಛತ್ರಿ ಮರೆತೆನೇನೋ ಎಂದು ಒಂದೇ ಒಂದು ಸಲ ಹೊರಳಿ ನೋಡಿದ್ದಕ್ಕೆ, ಅವರ ಹಿಂದೆ ಬರುತ್ತಿದ್ದ ಎರಡು ಚಕ್ಕಡಿ, ನಾಲ್ಕು ಎತ್ತು, ಮೂರು ಮಂದಿ ಹೂತುಹೋದರಂತೆ. ಛತ್ರಿ ಅವರ ಕಂಕುಳಲ್ಲೇ ಇತ್ತಂತೆ.

ಹೀಗಾಗಿ ನಮ್ಮಲ್ಲಿ ಯಾರೂ ಯಾರನ್ನೂ ಬೆನ್ನ ಹಿಂದಿನಿಂದ ಕೂಗುವುದಿಲ್ಲ. ಮಾತಾಡಬೇಕಾದವನು ಓಡಿ ದಾಟಿ ಹೋಗಿ ಎದುರಿಗೆ ನಿಲ್ಲುತ್ತಾನೆ. ಬಿದಿರಿನ ಸೀಳು ಇಟ್ಟು ಕಂಬಳಿಯಲ್ಲಿ ಹೊಲಿದ ಕೊರಳಪಟ್ಟಿಯನ್ನು ಗದ್ದಕ್ಕೆ ತಾಗುವಂತೆ ಕಟ್ಟಿಕೊಳ್ಳದೆ ಯಾರೂ ಹೊಸ್ತಿಲು ದಾಟುವುದಿಲ್ಲ. ಮದುವೆಯಾದ ಹುಡುಗಿಯನ್ನು ಕಳಿಸುವಾಗ ತವರಿನವರೇ ಮುಂದೆ ನಡೆದು, ಊರ ಗಡಿಯಲ್ಲಿ ನಿಂತು, ಆಕೆ ತಮ್ಮನ್ನು ದಾಟಿ ಹೋಗುವ ತನಕ ನೆಲ ನೋಡುತ್ತಾರೆ. ಗಂಡ ಮುಂದೆ, ಹೆಂಡತಿ ಹಿಂದೆ ನಡೆಯುವುದು ಎಲ್ಲ ಊರಿನಲ್ಲೂ ಇರಬಹುದು. ಬೇರೆ ಕಡೆ ಗಂಡನಾದವನು ನಡುನಡುವೆ ತಿರುಗಿ ಬಂದಳೋ ಇಲ್ಲವೋ ಎಂದು ನೋಡಿಕೊಳ್ಳುತ್ತಾನೆ. ನಮಗೆ ಆ ಭಾಗ್ಯ ಇಲ್ಲ. ಮೂವತ್ತೊಂದು ವರ್ಷ ನನ್ನ ಹೆಂಡತಿ ಕಸ್ತೂರಿ ದಾರಿಯಲ್ಲಿ ನನ್ನ ಬೆನ್ನು ನೋಡಿಕೊಂಡು ನಡೆದವಳು.

ನಾನು ಮೋನಪ್ಪ. ಗಿರಣಿ, ಪಂಪು, ಟ್ರ್ಯಾಕ್ಟರು ರಿಪೇರಿ ಮಾಡುವವನು. ಇಂಜಿನ್ನು ಕೆಟ್ಟಾಗ ಊರಿನವರಿಗೆ ನಾನು ಮೋನಣ್ಣ, ಸರಿಹೋದ ಮೇಲೆ ಆ ಮುಂಗೋಪಿ. ಅವರ ತಪ್ಪಲ್ಲ. ಯಂತ್ರದ ಮುಂದೆ ಕೂತಾಗ ಯಾರಾದರೂ ಬುದ್ಧಿ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ಗುಣ ಇಲ್ಲದಿದ್ದರೆ ಈ ಕತೆ ಇರುತ್ತಿರಲಿಲ್ಲ.

ಹೋದ ಮಳೆಗಾಲದಲ್ಲಿ ಕಸ್ತೂರಿಯ ಎರಡೂ ಕಿಡ್ನಿ ಕೈಬಿಟ್ಟವು. ವಾರಕ್ಕೆ ಎರಡು ಸಲ ರಕ್ತ ತೊಳೆಸಬೇಕು, ಸೋಮವಾರ ಒಂದು, ಗುರುವಾರ ಒಂದು. ತೊಳೆಯುವ ಯಂತ್ರವಿರುವ ಆಸ್ಪತ್ರೆ ಇರುವುದು ಇಳಿಜಾರಿನ ಕೆಳಗೆ, ನಾಲ್ಕೂವರೆ ಮೈಲಿ ಆಚೆ, ಹಿಮದ ಗೆರೆ ಮುಗಿಯುವಲ್ಲಿ. ಎರಡು ಸಲ ತಪ್ಪಿದರೆ ನೀರು ಎದೆಗೆ ಬರುತ್ತದೆ, ಮೂರನೆಯದರ ಮಾತು ಆಡುವುದು ಬೇಡ ಎಂದು ಅಲ್ಲಿಯ ಡಾಕ್ಟರು ಹೇಳಿದ್ದರು. ಮಳೆಗಾಲದಲ್ಲಿ ಏನೂ ಕಷ್ಟವಾಗಲಿಲ್ಲ. ಆಮೇಲೆ ಹಿಮ ಶುರುವಾಯಿತು.

ಮೊದಲ ಎಂಟು ವಾರ ಊರು ನಮ್ಮನ್ನು ಹೊತ್ತಿತು. ಮನೆಗೊಂದಾಳಿನಂತೆ ಜನ ಸಲಿಕೆ ಹಿಡಿದು ಹೊತ್ತು ಮೂಡುವುದಕ್ಕೆ ಸೇರುತ್ತಿದ್ದರು. ಎಲ್ಲರಿಗಿಂತ ಮುಂದೆ ಓಣಿಯ ಹಿರಿಯ ಶಿವಗೊಂಡಪ್ಪ. ಇನ್ನೂರು ಸಲಿಕೆ ಸಾಲಾಗಿ ನಾಲ್ಕೂವರೆ ಮೈಲಿ ಹಿಮ ಎತ್ತಿ ಹಾಕುತ್ತ ಹೋದರೆ, ಅವರ ಹಿಂದೆ ದುರ್ಗಪ್ಪನ ಹಾಲಿನ ವ್ಯಾನಿನಲ್ಲಿ ಕ್ಯಾನುಗಳ ಪಕ್ಕ ಕಸ್ತೂರಿ. ಸಂಜೆ ಬರುವಾಗ ಮತ್ತೆ ಅದೇ ಕೆಲಸ. ಈ ವರ್ಷದ ಹಿಮ ಬೇರೆ ಗಂಟೆಗೆ ಗೇಣು ಬೀಳುತ್ತಿತ್ತು, ಅದೂ ಒದ್ದೆ ಹಿಮ, ಒಂದೊಂದು ಸಲಿಕೆ ಒಂದೊಂದು ಕಲ್ಲಿನಷ್ಟು ಭಾರ. ಆರನೆಯ ವಾರಕ್ಕೆ ಜನ ಇನ್ನೂರರಿಂದ ನೂರಿಪ್ಪತ್ತಕ್ಕೆ ಇಳಿದರು. ಒಬ್ಬನಿಗೆ ನಡ ಹಿಡಿಯಿತು, ಇನ್ನೊಬ್ಬನ ಬೆರಳು ಕಪ್ಪಾದವು. ಯಾರೂ ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಒಂದು ಗುರುವಾರ ಮನೆಗೆ ಬಂದು ಕಸ್ತೂರಿ ಕೊರಳಪಟ್ಟಿ ಬಿಚ್ಚಿ ಗೂಟಕ್ಕೆ ಹಾಕಿ, ನನ್ನ ಎದುರಿಗೆ ಕೂತಳು. "ಅವರು ನನ್ನ ಮಾರಿ ನೋಡೂದು ಬಿಟ್ಟಾರ್ರಿ. ಸಲಿಕಿ ನೋಡ್ತಾರ, ನೆಲಾ ನೋಡ್ತಾರ. ವ್ಯಾನಿನಾಗ ಕುಂತಾಗ ನನಗ ಅನಸ್ತದ, ಇಷ್ಟು ಮಂದಿ ಮೈ ಮುರಕೊಂಡು ಉಳಸೂವಂಥಾದ್ದು ನನ್ನಾಗ ಏನದ ಅಂತ," ಅಂದಳು. ನಾನು ಸಮಾಧಾನದ ಮಾತು ಬಲ್ಲವನಲ್ಲ. ನಮ್ಮಲ್ಲಿ ಇಪ್ಪತ್ನಾಲ್ಕು ಕುದುರೆ ಶಕ್ತಿಯ ಒಂದು ಚಿಕ್ಕ ಟ್ರ್ಯಾಕ್ಟರು ಇತ್ತು, ದ್ರಾಕ್ಷಿ ತೋಟದ ಸಾಲುಗಳಲ್ಲಿ ಓಡಿಸುತ್ತಾರಲ್ಲ ಅಂಥದ್ದು, ಯಾರೋ ಬಿಟ್ಟುಹೋದದ್ದನ್ನು ನಾನು ಎಬ್ಬಿಸಿ ನಿಲ್ಲಿಸಿದ್ದೆ. ಅದಕ್ಕೆ ಹಿಮ ತೂರುವ ಯಂತ್ರ ಜೋಡಿಸುತ್ತೇನೆ, ಇನ್ನು ಒಬ್ಬರ ಸಲಿಕೆಯೂ ಬೇಡ ಎಂದುಬಿಟ್ಟೆ. ಆಕೆಯ ಮುಖ ಎಷ್ಟೋ ದಿನದ ಮೇಲೆ ಅರಳಿತು. ಅದನ್ನು ನೋಡಿದ ಮೇಲೆ ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ.

ಯಂತ್ರಗಳ ಅಂಗಡಿ ಹುಸೇನಸಾಬರದು, ಆಸ್ಪತ್ರೆಗಿಂತ ಸ್ವಲ್ಪ ಕೆಳಗೆ. ಮುಂದಿನ ಸೋಮವಾರ ಕಸ್ತೂರಿಯನ್ನು ಒಳಗೆ ಮಲಗಿಸಿ, ಆ ನಾಲ್ಕು ತಾಸು ಅವರ ಹಿತ್ತಲಿನಲ್ಲಿ ಕಳೆದೆ. ಮೂರು ಬಗೆಯ ಯಂತ್ರ ಅವರಿಗೆ ಗೊತ್ತಿತ್ತು. ಮೊದಲನೆಯದು ಟ್ರ್ಯಾಕ್ಟರಿನ ಮೂತಿಗೆ ಸಿಕ್ಕಿಸುವ ಚಿಕ್ಕದು. ಒಂದೇ ತಿರುಪಿನ ಅಲಗು, ಅದೇ ಹಿಮವನ್ನು ಎಳೆಯಬೇಕು, ಅದೇ ಎಸೆಯಬೇಕು. ಉಪ್ಪಿನ ಹಾಗೆ ಉದುರುವ ಒಣ ಹಿಮಕ್ಕೆ ಸರಿ. ನಮ್ಮ ಒದ್ದೆ ಹಿಮಕ್ಕೆ ಅರ್ಧ ಮೈಲಿಯಲ್ಲಿ ಬಾಯಿ ಕಟ್ಟುತ್ತದೆ. ಎರಡನೆಯದೂ ಮೂತಿಗೇ ಹಾಕುವುದು, ಆದರೆ ದೊಡ್ಡದು: ಅಲಗು ಎಳೆದುಕೊಟ್ಟರೆ, ಹಿಂದಿನ ಪಂಖ ಅದನ್ನು ಸೊಂಡಿಲಿನಂಥ ಕೊಳವೆಯಿಂದ ಮೂವತ್ತು ಅಡಿ ಆಚೆ ತೂರುತ್ತದೆ. ಬೇಕಾದದ್ದು ಅದೇ. ಆದರೆ ನನ್ನ ಟ್ರ್ಯಾಕ್ಟರಿಗೆ ಶಕ್ತಿ ಹೊರಬರುವ ಶಾಫ್ಟು ಇದ್ದದ್ದು ಹಿಂದೆ ಮಾತ್ರ. ಹೊಟ್ಟೆಯ ಕೆಳಗೆ ಬೇರೆ ಗೇರ್‌ಬಾಕ್ಸು ಕೂರಿಸಿ ಮುಂದಕ್ಕೆ ಶಾಫ್ಟು ಎಳೆಯಬೇಕು, ಆ ಸಾಮಾನು ಹೇಳಿ ತರಿಸಬೇಕು, ಬರುವುದು ಯುಗಾದಿಯ ಹೊತ್ತಿಗೆ. ಮೂರನೆಯದು ಅಲ್ಲೇ, ತಗಡಿನ ಕೆಳಗೆ ಕೆಂಪಗೆ ನಿಂತಿತ್ತು. ಅದೇ ಅಲಗು, ಅದೇ ಪಂಖ, ಐದಡಿ ಬಾಯಿ. ನನ್ನ ಹಿಂದಿನ ಗಾಲಿಗಳ ಅಗಲ ನಾಲ್ಕೂವರೆ ಅಡಿ, ಅಲ್ಲಿಗೆ ಗಾಲಿ ಉಜ್ಜದ ಹಾಗೆ ದಾರಿಯಾಗುತ್ತದೆ. ಹಿಂದಿನ ಮೂರು ಕೊಂಡಿಗೆ ಸಿಕ್ಕಿಸಿ ಶಾಫ್ಟು ಜೋಡಿಸಿದರೆ ಆಯಿತು, ಅವತ್ತೇ ಮನೆಗೆ. ಕುಂದು ಒಂದೇ. ಅದು ಹಿಂದೆ ಇರುವುದರಿಂದ ಟ್ರ್ಯಾಕ್ಟರನ್ನು ಇಡೀ ದಾರಿ ರಿವರ್ಸ್ ಗೇರಿನಲ್ಲೇ ಓಡಿಸಬೇಕು, ಓಡಿಸುವವನು ಕತ್ತು ಹೊರಳಿಸಿಕೊಂಡೇ ಕೂತಿರಬೇಕು.

ಹುಸೇನಸಾಬರು ವ್ಯಾಪಾರಸ್ಥರಾದರೂ ಪ್ರಾಮಾಣಿಕರು. ನನ್ನ ಕೈ ಆ ಕೆಂಪು ತಗಡಿನ ಮೇಲೆ ಆಡುವುದನ್ನು ನೋಡಿ, "ಮೋನಣ್ಣಾ, ಮಷೀನ್ ಛಲೋನ ಅದ. ಆದ್ರ ಇದು ನಿಮ್ಮೂರಿನ ಮಷೀನ್ ಅಲ್ಲ. ಮುಂದಿಂದು ಬರೂತನಾ ಕಾಯ್ರಿ," ಅಂದರು. ಕಾಯುವುದು ಎಂದರೆ ಇನ್ನೂ ಎರಡು ತಿಂಗಳ ಸಲಿಕೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂದು ನಾನು ಅವರಿಗೇ ಗಾದೆ ಹೇಳಿದೆ. ಅವರು ಗಡ್ಡ ನೀವಿಕೊಂಡು ಬಿಲ್ಲು ಬರೆದರು. ಮೇಲಾಗಿ ನನ್ನ ತಲೆಯಲ್ಲಿ ಆಗಲೇ ಕನ್ನಡಿಯ ವಿಚಾರ ಬಂದಿತ್ತು, ಅದನ್ನು ಯಾರಿಗೂ ಬಿಟ್ಟುಕೊಡದೆ ಜಾಣತನ ಮೆರೆಯಬೇಕೆನ್ನುವ ಚಟವೂ ಇತ್ತು.

ಊರಿಗೆ ತಂದ ಮೇಲೆ ಗಿರಣಿಯ ಹಿಂದೆ, ಯಾರೂ ಓಡಾಡದ ಕಡೆ, ಪರೀಕ್ಷೆ ಮಾಡಿದೆ. ಹತ್ತು ಹೆಜ್ಜೆ ನಡೆದು, ಗಡ್ಡ ಹೆರೆಯುವ ಕನ್ನಡಿಯನ್ನು ಕಣ್ಣಿನ ಮುಂದೆ ಹಿಡಿದು ಅದರೊಳಗೆ ಹಿಂದಿನ ಹೆಜ್ಜೆಗಳನ್ನು ನೋಡಿದೆ. ಇದ್ದ ಹಾಗೇ ಇದ್ದವು. ಖಾತ್ರಿಗೆಂದು ಒಂದು ಸಲ ಕತ್ತನ್ನೂ ಹೊರಳಿಸಿದೆ. ಐವತ್ತಾರು ವರ್ಷದಲ್ಲಿ ಮೊದಲ ಸಲ. ಹತ್ತೂ ಹೆಜ್ಜೆ ಕಣ್ಣೆದುರಿಗೇ ಮುಚ್ಚಿ ಸೊಂಟದೆತ್ತರಕ್ಕೆ ಹಿಮ ನಿಂತಿತು, ಸಪ್ಪಳವೇ ಇಲ್ಲ. ಆದರೂ ಮನಸ್ಸಿಗೆ ಸಮಾಧಾನವಾಯಿತು. ಹಿಮಕ್ಕೆ ಬೇಕಾದದ್ದು ಕತ್ತು, ಕಣ್ಣಲ್ಲ.

ಶಿವಗೊಂಡಪ್ಪನಿಗೆ ಹೇಳಿದಾಗ ಅವನು, ಅಷ್ಟೆಲ್ಲ ಯಾಕೆ, ಸೀಟನ್ನೇ ತಿರುವಿ ಹಾಕು, ಮೈ ಸಮೇತ ತಿರುಗಿ ಕೂತಹಾಗೆ ಆಗುತ್ತದೆ ಎಂದ. ಕಟ್ಟೆಯ ಮೇಲೆ ಕೂತವರಿಗೆಲ್ಲ ಅದು ಬಹಳ ಹಿಡಿಸಿತು. ನಾನು ಎರಡು ದಿನ ಅದನ್ನೂ ಮಾಡಿ ನೋಡಿದೆ. ಸ್ಟೇರಿಂಗು ಬೆನ್ನಿಗೆ ಬಂತು, ಕ್ಲಚ್ಚು ಕಾಲಿಗೆ ಸಿಗಲಿಲ್ಲ, ಗಿರಣಿಯ ಗೋಡೆಗೆ ಒಂದು ಸಲ, ನುಗ್ಗೆಯ ಮರಕ್ಕೆ ಒಂದು ಸಲ ಗುದ್ದಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವರು ನಕ್ಕರು. ಸೀಟು ಮೊದಲಿನಂತೆ ಕೂರಿಸಿ, ಎರಡೂ ಬದಿಗೆ ಲಾರಿಯ ಉದ್ದ ಕನ್ನಡಿ ಹಾಕಿದೆ. ರಿವರ್ಸ್ ಓಡಿಸುವುದು ನಮ್ಮೂರಿನಲ್ಲಿ ಯಾರಿಗೂ ಬರುವುದಿಲ್ಲ, ಬಸ್ಸು ಕೂಡ ಕಟ್ಟೆ ಸುತ್ತು ಹಾಕಿಯೇ ತಿರುಗುತ್ತದೆ. ಕನ್ನಡಿಯಲ್ಲಿ ಬಲ ಎಡವಾಗಿ, ಎಡ ಬಲವಾಗಿ, ಮೂರು ದಿನ ತಲೆ ಕೆಟ್ಟುಹೋಯಿತು. ನಾಲ್ಕನೆಯ ದಿನ ಕೈಗೆ ಒಗ್ಗಿತು.

ಮೊದಲ ದಿನವೇ ದುರ್ಗಪ್ಪ ವ್ಯಾನು ತೆಗೆಯಲಿಲ್ಲ. ಟ್ರ್ಯಾಕ್ಟರು ಹಿಂದಕ್ಕೆ ಸರಿಯುತ್ತ ದಾರಿ ಮಾಡಿದರೆ, ಅದರ ಮೂತಿಯನ್ನು ಹಿಂಬಾಲಿಸಿ ಬರಬೇಕಾದವನು ಅವನು. ನಾನು ಒಂದು ಸಲ ಮೈಮರೆತು ಹೊರಳಿದರೆ ಹೂತುಹೋಗುವವನೂ ಅವನೇ. "ಅಣ್ಣಾ, ಸಿಟ್ಟ ಮಾಡ್ಕೋಬ್ಯಾಡ. ನಿನ್ನ ಕೈ ಮ್ಯಾಲ ನನಗ ಭರವಸಾ ಅದ, ನಿನ್ನ ಕತ್ತಿನ ಮ್ಯಾಲ ಇಲ್ಲ," ಅಂದ. ನಾನು ಅವನ ವಂಶವನ್ನೆಲ್ಲ ತೆಗೆದು ಬೈದೆ. ಕಸ್ತೂರಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ನನಗ ಅದ. ನನ್ನ ಮುಂದ ಕುಂಡ್ರಸ್ರಿ," ಅಂದಳು.

ಅದು ಬರೀ ಧೈರ್ಯದ ಮಾತಲ್ಲ, ಲೆಕ್ಕದ ಮಾತೂ ಹೌದು. ಹಿಂದೆ ಅಷ್ಟು ಭಾರದ ಯಂತ್ರ ತೂಗಿದರೆ ಮುಂದಿನ ಗಾಲಿ ನೆಲ ಬಿಡುತ್ತದೆ, ಅದಕ್ಕೆ ಮೂತಿಗೆ ಎರಡು ಮಣ ಕಬ್ಬಿಣ ಹೇರಬೇಕು ಎಂದು ಹುಸೇನಸಾಬರು ಹೇಳಿಯೇ ಕಳಿಸಿದ್ದರು. ಕಬ್ಬಿಣದ ಬದಲು ಕಸ್ತೂರಿ. ಗುಜರಿಯಲ್ಲಿ ಬಿದ್ದಿದ್ದ ಆಟೋರಿಕ್ಷಾದ ತಲೆಭಾಗವನ್ನು ಗಾಜಿನ ಸಮೇತ ಕತ್ತರಿಸಿ, ಬಾನೆಟ್ಟಿನ ಮುಂದೆ ವೆಲ್ಡು ಮಾಡಿ, ತಗಡಿನ ಬಾಗಿಲು ಹಚ್ಚಿ ಪೆಟ್ಟಿಗೆಯಂತೆ ಮಾಡಿ, ಒಳಗೆ ಹಾಸಿಗೆ ಸುತ್ತಿದ ಕುರ್ಚಿ ಇಟ್ಟೆ. ಆಕೆಯ ಮುಖ ನನ್ನ ಕಡೆ, ಅಂದರೆ ಹೋಗುವ ದಾರಿಯ ಕಡೆ. ಎದೆಗೆ ಅಡ್ಡ ಒಂದು ಹಳೆಯ ಇಳಕಲ್ಲ ಸೀರೆ ಕಟ್ಟಿದೆ, ಕುಲುಕಾಟದಲ್ಲಿ ಬೀಳಬಾರದೆಂದು. ಆಗ ಅವಳ ತೂಕ ನಲವತ್ತೊಂದು ಕಿಲೋ. ಕಡಿಮೆ ಬಿದ್ದದ್ದಕ್ಕೆ ಕುರ್ಚಿಯ ಕೆಳಗೆ ಮರಳಿನ ಚೀಲ ಇಟ್ಟೆ.

ಹಾಗೆ ಶುರುವಾಯಿತು. ಟ್ರ್ಯಾಕ್ಟರು ಹಿಂದಕ್ಕೆ, ನಾವು ಆಸ್ಪತ್ರೆಗೆ. ಯಂತ್ರ ನನ್ನ ಬೆನ್ನಿಗೆ ಗುರುಗುಟ್ಟಿ ಹಿಮ ತಿನ್ನುತ್ತಿತ್ತು, ಸೊಂಡಿಲಿನಿಂದ ಅದು ಬೇಲಿಯಾಚೆ ಹಾರುತ್ತಿತ್ತು. ಇನ್ನೂರು ಸಲಿಕೆ ಬೆಳಗಿನಿಂದ ಮಧ್ಯಾಹ್ನದ ತನಕ ಮಾಡುತ್ತಿದ್ದ ದಾರಿ ಒಂದೂವರೆ ತಾಸಿನಲ್ಲಿ ಆಗುತ್ತಿತ್ತು. ಕಟ್ಟೆಯ ಮೇಲಿನವರು ಎದ್ದು ನಿಂತು ನೋಡಿದರು. ನನಗೆ ಎಷ್ಟು ಸೊಕ್ಕು ಬಂತೆಂದರೆ, ಎರಡನೆಯ ವಾರ ದುರ್ಗಪ್ಪ ತಾನಾಗಿಯೇ ಬಂದು ವ್ಯಾನು ತರಲೇ ಎಂದು ಕೇಳಿದಾಗ ಬೇಡ ಅಂದೆ.

ಕನ್ನಡಿಗಳು ಮೂರನೆಯ ವಾರಕ್ಕೆ ಕೈಕೊಟ್ಟವು. ಯಂತ್ರ ತೂರಿದ ಹಿಮದ ಪುಡಿ ಗಾಳಿಗೆ ತಿರುಗಿ ಬಂದು ಕನ್ನಡಿಗೆ ಅಂಟಿ ಹೆಪ್ಪುಗಟ್ಟುತ್ತಿತ್ತು. ಒರೆಸಿದರೆ ಹತ್ತು ಮಾರಿಗೆ ಮತ್ತೆ ಬೆಳ್ಳಗೆ. ಇಳಿದು, ಮೈ ಸಮೇತ ತಿರುಗಿ, ದಾರಿ ನೋಡಿ, ಹತ್ತಿ, ಹತ್ತು ಮಾರು ಹೋಗಿ, ಮತ್ತೆ ಇಳಿದು, ಹೀಗೆ ಮಾಡಿದ ದಿನ ಮೂರೂವರೆ ತಾಸು ಹಿಡಿಯಿತು. ಆಸ್ಪತ್ರೆಯಲ್ಲಿ ಅವಳ ಪಾಳಿ ತಪ್ಪುವುದರಲ್ಲಿತ್ತು. ಮರುದಿನ ಕನ್ನಡಿಗೆ ಎಣ್ಣೆ ಹಚ್ಚಿದೆ, ತಗಡಿನ ಮರೆ ಕಟ್ಟಿದೆ, ಏನೂ ನಡೆಯಲಿಲ್ಲ. ನಾನು ಸ್ಪ್ಯಾನರು ಎಸೆದು ಕೂತಾಗ ಕಸ್ತೂರಿ ಹೊರಗೆ ಬಂದು, ತನಗೆ ದಾರಿ ಕಾಣುತ್ತದಲ್ಲ, ತಾನು ಕೈ ಮಾಡುತ್ತೇನೆ ಎಂದಳು. ಯಾವ ಕೈ ಎತ್ತುತ್ತಾಳೋ ಯಂತ್ರ ಆ ಕಡೆಗೆ. ಎರಡೂ ಕೈ ಎತ್ತಿದರೆ ನಿಲ್ಲಬೇಕು. ಕೈ ಮಡಿಲಲ್ಲಿದ್ದರೆ ಸೀದಾ ಹೋಗಬೇಕು. ಇಷ್ಟು ಸುಲಭದ್ದು ನನಗೆ ಹೊಳೆದಿರಲಿಲ್ಲ ಎಂದು ಒಳಗೊಳಗೇ ಸಿಟ್ಟೂ ಬಂತು.

ಆಮೇಲಿನ ಐದು ವಾರ ನಾನು ಅವಳ ಕೈ ನೋಡಿಕೊಂಡು ಬದುಕಿದೆ. ಹತ್ತು ಸಲ ಹೋದೆವು, ಹತ್ತು ಸಲ ಬಂದೆವು. ಒಂದೊಂದು ಸಲವೂ ಒಂದೂವರೆ ತಾಸು ಎದುರುಬದುರು, ನಡುವೆ ಒಂದು ಬಾನೆಟ್ಟು, ಒಂದು ಗಾಜು. ಮದುವೆಯ ಮಂಟಪದಲ್ಲೂ ನಾವು ಅಷ್ಟು ಹೊತ್ತು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅವಳ ಎಡಗಲ್ಲದ ಮೇಲೆ ಒಂದು ಹಳೆಯ ಸುಟ್ಟ ಕಲೆ ಇರುವುದು ನನಗೆ ಆಗ ಗೊತ್ತಾಯಿತು. ಕೇಳಿದರೆ, ಮದುವೆಯಾದ ವರ್ಷ ನಿಮಗೆ ಚಹಾ ಮಾಡುವಾಗಿನದು ಅಂದಳು. ಅವಳು ಹೋಗುವ ಕಡೆ ನೋಡುತ್ತಿದ್ದಳು, ನಾನು ಅವಳನ್ನು ನೋಡುತ್ತಿದ್ದೆ. ಮುಖ ಸಣ್ಣಗಾಗುತ್ತ ಬಂದದ್ದು, ಕಣ್ಣಿನ ಕೆಳಗೆ ನೀರು ತುಂಬಿದ್ದು, ಮೈಬಣ್ಣ ಮಣ್ಣಿನ ಬಣ್ಣಕ್ಕೆ ತಿರುಗಿದ್ದು, ಎಲ್ಲವನ್ನೂ ಒಂದೊಂದು ಸೋಮವಾರ, ಒಂದೊಂದು ಗುರುವಾರ ಕಂಡೆ. ಹಿಂದೆ ನಡೆದು ಬಂದಿದ್ದರೆ ಕಾಣುತ್ತಿರಲಿಲ್ಲ. ಮನುಷ್ಯನಿಗೆ ಬೆನ್ನು ಕೊಟ್ಟ ದೇವರು ದೊಡ್ಡವನು ಎಂದು ಆಗ ಅನ್ನಿಸಿತ್ತು.

ಇಂಜಿನ್ನಿನ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಆದರೂ ನಡುವೆ ಅವಳ ತುಟಿ ಅಲ್ಲಾಡುತ್ತಿತ್ತು. ಕೆಳಗೆ ಮುಟ್ಟಿದ ಮೇಲೆ ಏನಂದೆ ಎಂದು ಕೇಳಿದರೆ, ನಿಮ್ಮ ಹುಬ್ಬು ಬೆಳ್ಳಗಾಗಿದೆ ಅಂದೆ, ಸಾಬೂನು ಮುಗಿದಿದೆ ಅಂದೆ, ಇಂಥದ್ದೇ ಏನೋ. ಒಂದು ಸಲ ಮಾತ್ರ ಹಾಸಿಗೆಯ ಮೇಲೆ, ತೋಳಿಗೆ ನಳಿಗೆ ಚುಚ್ಚಿಸಿಕೊಂಡು ಮಲಗಿದವಳು, "ನಾ ಇನ್ನ ಸಾಕು ಅಂದ್ರ ಏನ್ ಮಾಡ್ತೀರಿ?" ಅಂತ ಕೇಳಿದಳು. ಹಾಗೆ ಅಂದರೆ ದಾರಿಯಲ್ಲಿ ಕತ್ತು ಹೊರಳಿಸಿಬಿಡುತ್ತೇನೆ ನೋಡು ಎಂದೆ. ಅವಳು ನಕ್ಕಳು. ನಾನು ಚಾಷ್ಟಿ ಮಾಡಿ ಆ ಮಾತನ್ನು ಅಲ್ಲಿಗೇ ಮುಚ್ಚಿದೆ. ಅವಳು ಕೇಳಿದ್ದು ಚಾಷ್ಟಿಗಲ್ಲ ಎಂಬುದು ನನಗೆ ಆಗಲೂ ಗೊತ್ತಿತ್ತು.

ಕೊನೆಯ ದಿನಗಳಲ್ಲಿ ಹೊಸ ಕಾಟವೊಂದು ಹುಟ್ಟಿತು. ಅವಳ ಮುಂದಿನ ಗಾಜಿಗೆ ಅವಳದೇ ಉಸಿರು ತಾಗಿ ಮಂಜು ಕಟ್ಟುತ್ತಿತ್ತು. ಸೆರಗಿನಿಂದ ಒರೆಸಬೇಕು, ಮತ್ತೆ ಕಟ್ಟುತ್ತದೆ, ಮತ್ತೆ ಒರೆಸಬೇಕು. ಒರೆಸಿ ಒರೆಸಿ ಅವಳಿಗೆ ತೇಕು ಹತ್ತುತ್ತಿತ್ತು, ತೇಕಿಗೆ ಗಾಜು ಇನ್ನಷ್ಟು ಮಬ್ಬಾಗುತ್ತಿತ್ತು. ಅವಳ ಕೈ ಕಾಣದೆ ನಾನು ಎರಡು ಸಲ ಬದುವಿಗೆ ಗುದ್ದಿದೆ. ಲಾರಿಯವರು ಗಾಜಿಗೆ ಒಣ ಸಾಬೂನು ತಿಕ್ಕಿ ಬಟ್ಟೆಯಿಂದ ಉಜ್ಜುತ್ತಾರೆ, ಅದಾದ ಮೇಲೆ ಮಂಜು ಹಿಡಿಯುವುದಿಲ್ಲ ಎಂದು ಎಲ್ಲೋ ಕೇಳಿದ್ದು ನೆನಪಾಯಿತು. ಆ ಸೋಮವಾರ ಬೆಳಿಗ್ಗೆ ಎದ್ದವನೇ ಗಾಜಿನ ಒಳಮೈಗೆ ಸಾಬೂನು ತಿಕ್ಕಿ, ಹಳೆಯ ಪಂಚೆಯಿಂದ ಅರ್ಧ ತಾಸು ಉಜ್ಜಿದೆ. ಕಸ್ತೂರಿಯನ್ನು ಎತ್ತಿ ಕೂರಿಸುವಾಗ ಮಗುವಿನಷ್ಟು ಹಗುರ. ಹಿಂದಿನ ಗುರುವಾರ ರಕ್ತ ತೊಳೆಯುವಾಗ ಅರ್ಧಕ್ಕೇ ನಿಲ್ಲಿಸಿದ್ದರು, ಬಿಪಿ ನಿಲ್ಲುತ್ತಿಲ್ಲ ಎಂದು. ಕೊರಳಪಟ್ಟಿಯನ್ನು ನಾನೇ ಕಟ್ಟಿದೆ, ಎದೆಗೆ ಸೀರೆ ಬಿಗಿದೆ. ಇವತ್ತು ಒರೆಸುವ ಕೆಲಸ ಇಲ್ಲ, ಸುಮ್ಮನೆ ಕೂತಿರು ಅಂದೆ. ಅವಳು ಗೋಣು ಆಡಿಸಿದಳು.

ದಾರಿಯಲ್ಲಿ ನಾಲ್ಕು ತಿರುವು. ಕೊನೆಯದು ಸುಣ್ಣದ ಭಟ್ಟಿಯ ಹತ್ತಿರ. ಅಲ್ಲಿಂದ ಹಿಮದ ಗೆರೆಯ ತನಕ ಒಂದೂಕಾಲು ಮೈಲಿ ಸೀದಾ, ಎರಡೂ ಬದಿಗೆ ನಾವೇ ಕೊಯ್ದ ಹಿಮದ ಗೋಡೆ ಆಳೆತ್ತರ ನಿಂತಿತ್ತು. ಮೊದಲ ಮೂರು ತಿರುವಿನ ತನಕ ಗಾಜು ಎಂದಿನಂತೆ ಮಬ್ಬಾಗುತ್ತಲೇ ಇತ್ತು. ಸಾಬೂನಿಗೂ ನನ್ನ ಬುದ್ಧಿಗೂ ಬೈದುಕೊಂಡೆ. ಅವಳು ಎರಡು ಸಲ ಒರೆಸಿದಳು. ಭಟ್ಟಿಯ ಹತ್ತಿರ ಬಲಗೈ ಎತ್ತಿದಳು, ನಿಧಾನವಾಗಿ, ಹೆಗಲಿನ ತನಕ ಬರಲಿಲ್ಲ. ನಾನು ಸ್ಟೇರಿಂಗು ತಿರುವಿದೆ. ಯಂತ್ರ ಸರಿಯಾಗಿ ತಿರುಗಿ ಸೀದಾ ದಾರಿಗೆ ಬಾಯಿ ಇಟ್ಟಿತು. ಅವಳು ಕೈ ಇಳಿಸಿ ಮಡಿಲಿನಲ್ಲಿ ಇಟ್ಟುಕೊಂಡಳು.

ಅಲ್ಲಿಂದ ಮುಂದೆ ಅವಳು ಒಂದು ಸಲವೂ ಕೈ ಎತ್ತಲಿಲ್ಲ. ಎಂದಿನ ದಿನ ಆ ಸೀದಾ ದಾರಿಯಲ್ಲೂ ನಾಲ್ಕೈದು ಸಲ ನನ್ನನ್ನು ತಿದ್ದುತ್ತಿದ್ದಳು, ನಾನು ಬಲಕ್ಕೆ ಎಳೆಯುವ ಚಾಳಿಯವನು. ಆ ದಿನ ನನ್ನ ಕೈ ತಾನಾಗಿಯೇ ದಾರಿ ಹಿಡಿದಿದೆ ಅನ್ನಿಸಿತು. ಅಷ್ಟೇ ಅಲ್ಲ, ಗಾಜು ತಿಳಿಯಾಗುತ್ತ ಬಂತು. ಅಂಚಿನಿಂದ ಮಂಜು ಕರಗಿ ಕರಗಿ, ಸ್ವಲ್ಪ ಹೊತ್ತಿಗೆ ಇಡೀ ಗಾಜು ತೊಳೆದಿಟ್ಟಂತಾಯಿತು. ಐದು ವಾರದಲ್ಲಿ ಅವಳ ಮುಖ ನನಗೆ ಅಷ್ಟು ನಿಚ್ಚಳವಾಗಿ ಕಂಡಿರಲಿಲ್ಲ. ಹುಬ್ಬಿನ ಕೂದಲು, ಗಲ್ಲದ ಕಲೆ, ಮೂಗಿನ ನತ್ತು, ಎಲ್ಲ ಕಂಡವು. ಕಣ್ಣು ತೆರೆದು ನನ್ನ ತಲೆಯ ಮೇಲಿಂದ ದಾರಿ ನೋಡುತ್ತಿದ್ದಳು. ಕೊರಳಪಟ್ಟಿಯ ಮೇಲೆ ಗದ್ದ ನೇರವಾಗಿತ್ತು, ಇಂಜಿನ್ನಿನ ಕುಲುಕಿಗೆ ತಲೆ ಸಣ್ಣಗೆ ಆಡುತ್ತಿತ್ತು. ಸಾಬೂನು ಹಿಡಿಯುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು, ಅಷ್ಟೇ, ಎಂದುಕೊಂಡೆ. ಸಂತೋಷಕ್ಕೆ ನಾನು ಒಂದೆರಡು ಸಲ ಅವಳಿಗೆ ಕೈ ಬೀಸಿದೆ. ನಗಲಿಲ್ಲ, ದಾರಿ ನೋಡುವುದರಲ್ಲಿ ಮಗ್ನಳಾಗಿದ್ದಾಳೆ ಅಂದುಕೊಂಡೆ. ಆ ಒಂದೂಕಾಲು ಮೈಲಿ ನಾನು ಹಾಡು ಗುನುಗಿಕೊಂಡು ಬಂದೆ. ಇದನ್ನು ಬರೆಯುವುದಕ್ಕೂ ನನಗೆ ನಾಚಿಕೆಯಾಗುತ್ತದೆ, ಆದರೆ ಬಂದದ್ದು ಹಾಗೆಯೇ.

ಗಾಲಿ ಕರಿ ನೆಲಕ್ಕೆ ತಾಗಿದ ಸದ್ದಿಗೆ ಗೆರೆ ದಾಟಿದೆವೆಂದು ಗೊತ್ತಾಯಿತು. ಆಸ್ಪತ್ರೆಯ ಬಾಗಿಲಿಗೆ ಒಯ್ದು ಇಂಜಿನ್ನು ಆರಿಸಿದೆ. ಒಂದು ತಾಸು ಹತ್ತು ನಿಮಿಷ. ಅಷ್ಟು ಬೇಗ ನಾವು ಎಂದೂ ಮುಟ್ಟಿರಲಿಲ್ಲ. ಇಳಿದು ಸುತ್ತಿ ಬಂದು ಪೆಟ್ಟಿಗೆಯ ಬಾಗಿಲು ತೆಗೆಯುತ್ತಲೇ, "ನೋಡಿದೇನ? ಭಟ್ಟಿ ದಾಟಿದ ಮ್ಯಾಲ ನಿನಗ ಒಂದ ಸಲಾನೂ ಕೈ ಎತ್ತಾಕ ಹಚ್ಚಲಿಲ್ಲ," ಅಂದೆ.

ನರ್ಸು ಗಾಲಿಕುರ್ಚಿ ತಳ್ಳಿಕೊಂಡು ಬಂದಿದ್ದಳು. ಅವಳು ಕಸ್ತೂರಿಯ ಕೈ ಹಿಡಿದು ನೋಡಿದಳು, ಕೊರಳಪಟ್ಟಿ ಸಡಿಲಿಸಿ ಅಲ್ಲಿ ಬೆರಳಿಟ್ಟು ನೋಡಿದಳು. ಕಸ್ತೂರಿಯ ತಲೆ ನರ್ಸಿನ ತೋಳಿನ ಮೇಲೆ ವಾಲಿತು. ಒಳಗಿನಿಂದ ಡಾಕ್ಟರು ಬಂದರು. ನಾನು ಸಾಬೂನಿನ ವಿಚಾರ ಹೇಳುತ್ತಲೇ ಇದ್ದೆ, ಅವರು ನನ್ನ ಹೆಗಲ ಮೇಲೆ ಕೈ ಇಡುವ ತನಕ.

ಆಮೇಲೆ ನರ್ಸು ಕಾಗದ ತಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತಳು. ಚಿಕ್ಕ ವಯಸ್ಸಿನವಳು, ಕೆಳಗಿನ ಊರಿನವಳು. ಜೊತೆಗೆ ಯಾರಿದ್ದರು ಎಂದು ಕೇಳಿದಳು. ನಾನಿದ್ದೆ ಅಂದೆ. ಎಲ್ಲಿದ್ದಿರಿ ಅಂದಳು. ಎದುರಿಗೇ ಇದ್ದೆ, ಎರಡು ಮಾರು ದೂರ, ಮನೆಯಿಂದ ಇಲ್ಲಿಯ ತನಕ ಅವಳ ಮುಖವನ್ನೇ ನೋಡುತ್ತಿದ್ದೆ ಅಂದೆ. ಹಾಗಾದರೆ ಯಾವಾಗ ಆಯಿತೆಂದು ನಿಮಗೆ ಗೊತ್ತಿರಬೇಕಲ್ಲ ಎಂದು ಅವಳು ಮೆತ್ತಗೆ ಕೇಳಿದಳು.

ಭಟ್ಟಿಯ ಹತ್ತಿರ ಕೈ ಎತ್ತಿದಳು ಅಂದೆ. ಅದರ ಮುಂದಿನ ಒಂದೂಕಾಲು ಮೈಲಿಯಲ್ಲಿ ಎಲ್ಲೋ. ಗಾಜು ದಾರಿಯ ಯಾವ ಜಾಗದಿಂದ ತಿಳಿಯಾಗುತ್ತ ಬಂತು ಎಂದು ನೆನಪಿಸಿಕೊಳ್ಳಲು ನೋಡಿದೆ, ಅಲ್ಲಿ ಒಂದು ಗಿಡವೋ ಕಲ್ಲೋ ಏನಾದರೂ ಗುರುತು ಸಿಗಬಹುದೆಂದು. ನನಗೆ ನೆನಪಿಗೆ ಬಂದದ್ದು ಗುನುಗಿದ ಹಾಡು ಮಾತ್ರ. ನನಗೆ ಗೊತ್ತಿಲ್ಲವ್ವಾ ಅಂದೆ. ಅವಳು ಗೋಡೆಯ ಗಡಿಯಾರ ನೋಡಿ, ನಾವು ಬಂದು ಮುಟ್ಟಿದ ಹೊತ್ತನ್ನೇ ಕಾಗದದ ಮೇಲೆ ಬರೆದುಕೊಂಡಳು.